ಸುವೊನ್ ಓಣಿಯ ಖಾನಾವಳಿ

ನನ್ನ ತಮ್ಮ ಕೊರಿಯಾದ ಸುವೊನ್ ಊರಿನಲ್ಲಿ ಕೆಲಸಕ್ಕಿದ್ದಾನೆ. ಸೋಲ್‌ನಿಂದ ದಕ್ಷಿಣಕ್ಕೆ ಲೋಕಲ್ ರೈಲಿನಲ್ಲಿ ಸುಮಾರು ಒಂದು ತಾಸಿನ ದಾರಿ. ಮೂರು ವರ್ಷದಿಂದ "ಬಾ ಅಕ್ಕಾ, ಒಮ್ಮೆ ಬಾ" ಅಂತ ಕರೆಯುತ್ತಲೇ ಇದ್ದ. 2024ರ ನವೆಂಬರ್ ಕೊನೆಯ ವಾರ ಹೋಗಿಬಂದೆ. ಅಲ್ಲಿಯ ಅರಮನೆ, ಕೋಟೆಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಬೇಕು ಅಂದುಕೊಂಡದ್ದು ಅವನ ಮನೆಯ ಹಿಂದಿನ ಓಣಿಯಲ್ಲಿರುವ, ಆರೇ ಆರು ಟೇಬಲ್‌ನ ಒಂದು ಊಟದ ಮನೆಯ ಬಗ್ಗೆ.

ಅದಕ್ಕೆ ಕಾರಣ ಇದೆ. ಧಾರವಾಡದಲ್ಲಿ ನಮ್ಮ ಅವ್ವ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದಳು. ನಸುಕಿನಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೇ ನಾವಿಬ್ಬರೂ ಎದ್ದು ಬೆಳೆದವರು. ಈಗ ಅವ್ವನಿಗೆ ಮೊಣಕಾಲು ನೋವು, ಖಾನಾವಳಿ ಬಿಟ್ಟಿದ್ದಾಳೆ. ಆದರೆ ಆ ಚಾಳಿ ನನ್ನನ್ನು ಬಿಟ್ಟಿಲ್ಲ. ಯಾವ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಅಡುಗೆಮನೆ ಕಡೆ ಹೋಗುತ್ತದೆ. ಹೆಚ್ಚುವವರು ಯಾರು, ತೊಳೆಯುವವರು ಯಾರು, ಪಲ್ಯ ಖಾಲಿಯಾದರೆ ಏನು ಮಾಡುತ್ತಾರೆ, ಇದನ್ನೆಲ್ಲ ನೋಡದಿದ್ದರೆ ನನಗೆ ಊಟ ರುಚಿಸುವುದಿಲ್ಲ.

ಇನ್ನೊಂದು ಮಾತು. ನಾನು ಶಾಕಾಹಾರಿ, ಮೊಟ್ಟೆಯೂ ತಿನ್ನುವುದಿಲ್ಲ. ತಮ್ಮ ಈಗ ಎಲ್ಲ ತಿನ್ನುತ್ತಾನೆ. ಅದರ ಬಗ್ಗೆ ನಮ್ಮ ನಡುವೆ ಜಗಳ ಇಲ್ಲ.

ಮೊದಲ ದಿನ, ಶನಿವಾರ

ದೆಹಲಿಯಲ್ಲಿ ವಿಮಾನ ಬದಲಿಸಿ ಇಂಚಿಯೋನ್‌ನಲ್ಲಿ ಇಳಿದೆ. ಅಲ್ಲಿಂದ ಬಸ್ಸಿನಲ್ಲಿ ಸುವೊನ್. ಗಡಿಯಾರ ಮೂರೂವರೆ ತಾಸು ಮುಂದೆ ಹೋಗಿತ್ತು, ಹೊಟ್ಟೆ ಮಾತ್ರ ಧಾರವಾಡದಲ್ಲೇ ಇತ್ತು. ಮನೆಯ ಕೆಳಗೇ ಒಂದು ಬುನ್‌ಶಿಕ್ ಅಂಗಡಿ. ತಮ್ಮ ನೇರ ಅಲ್ಲಿಗೇ ಕರೆದುಕೊಂಡು ಹೋದ.

ಬುನ್‌ಶಿಕ್ ಅಂದರೆ ಹಿಟ್ಟಿನ ಊಟ. ನೂಡಲ್ಸ್, ಖಾರದ ಅಕ್ಕಿ ಕಡುಬಿನ ತೊಕ್‌ಬೊಕ್ಕಿ, ಕಿಮ್‌ಬಾಪ್, ಎಲ್ಲ ಸಿಗುವ ಚಿಕ್ಕ ಅಂಗಡಿ. ಆ ಹೆಸರಿನ ಹಿಂದೆ ಹಸಿವಿನ ಕಥೆ ಇದೆ. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ ಅಲ್ಲಿ ಅಕ್ಕಿ ಸಾಲುತ್ತಿರಲಿಲ್ಲ. ಅಮೆರಿಕದಿಂದ ನೆರವಿನ ಗೋಧಿ ಬರುತ್ತಿತ್ತು. ಅನ್ನ ಕಡಿಮೆ ಉಣ್ಣಿ, ಗೋಧಿ ತಿನ್ನಿ, ಅಕ್ಕಿಗೆ ಬಾರ್ಲಿ ಬೆರೆಸಿ ಅಂತ ಸರ್ಕಾರ 1960, 70ರ ದಶಕದಲ್ಲಿ ಜನರ ಬೆನ್ನು ಹತ್ತಿತ್ತು. 1969ರಲ್ಲಿ ವಾರಕ್ಕೆ ಎರಡು ದಿನ ಹೋಟೆಲುಗಳಲ್ಲಿ ಹಗಲು ಹೊತ್ತು ಅನ್ನ ಮಾರಬಾರದು ಅಂತ ನಿಯಮ ಬಂತು. ಶಾಲೆಯಲ್ಲಿ ಮಾಸ್ತರು ಮಕ್ಕಳ ಡಬ್ಬಿ ತೆಗೆಸಿ, ಅನ್ನದಲ್ಲಿ ಬಾರ್ಲಿ ಇದೆಯೋ ಇಲ್ಲವೋ ಅಂತ ನೋಡುತ್ತಿದ್ದರಂತೆ. ಪ್ಯಾಕೆಟ್ ನೂಡಲ್ಸ್ ಅಲ್ಲಿ ಶುರುವಾದದ್ದೂ ಇದೇ ಕಾಲದಲ್ಲಿ, 1963ರಲ್ಲಿ.

ತಮ್ಮ ಇದನ್ನು ಹೇಳುವಾಗ ನನಗೆ ಅವ್ವನ ಮಾತು ನೆನಪಾಯಿತು. ಅದೇ 60ರ ದಶಕದಲ್ಲಿ ನಮ್ಮ ರೇಷನ್ ಅಂಗಡಿಗೂ ಅಮೆರಿಕದ ಗೋಧಿ ಬರುತ್ತಿತ್ತು. ಜೋಳ ತಿನ್ನುವ ನಮ್ಮ ಮನೆಯಲ್ಲಿ ಆ ಗೋಧಿಯನ್ನು ಏನು ಮಾಡಬೇಕು ಅಂತ ಅಜ್ಜಿಗೆ ತಿಳಿಯುತ್ತಿರಲಿಲ್ಲವಂತೆ.

ನನಗೆ ಕಿಮ್‌ಬಾಪ್ ಹೇಳಿದ. "ಹ್ಯಾಮ್ ಬೇಡ, ಮೊಟ್ಟೆ ಬೇಡ, ಮೀನಿನದು ಏನೂ ಬೇಡ." ಹೆಂಗಸು ತಲೆ ಆಡಿಸಿ ನಮ್ಮ ಕಣ್ಣೆದುರೇ ಸುತ್ತಿದಳು. ಕಡಲ ಪಾಚಿಯ ಕರಿ ಹಾಳೆ. ಅದರ ಮೇಲೆ ಎಳ್ಳೆಣ್ಣೆ, ಉಪ್ಪು ಕಲೆಸಿದ ಅನ್ನ, ಬೆರಳ ತುದಿಯಲ್ಲಿ ತೆಳ್ಳಗೆ ಹರಡಿದ್ದು. ಪಾಲಕ್, ಗಜ್ಜರಿ, ಹಳದಿ ಮೂಲಂಗಿ ಉಪ್ಪಿನಕಾಯಿ. ಬಿದಿರಿನ ಚಾಪೆಯಲ್ಲಿ ಒಂದೇ ಸಲ ಉರುಳಿಸಿ ಒತ್ತಿದಳು. ಮೇಲೆ ಮತ್ತೆ ಎಳ್ಳೆಣ್ಣೆ ಸವರಿ ಚಕಚಕ ಕತ್ತರಿಸಿದಳು. ಎರಡು ನಿಮಿಷವೂ ಆಗಲಿಲ್ಲ. 3,500 ವೊನ್, ಅಂದರೆ ನಮ್ಮ ಲೆಕ್ಕದಲ್ಲಿ ಇನ್ನೂರ ಹತ್ತು ರೂಪಾಯಿ ಹತ್ತಿರ. ಪೂರ್ತಿ ತಿಂದೆ. ಎಳ್ಳೆಣ್ಣೆ ವಾಸನೆಗೆ ಅರ್ಧ ದಣಿವು ಇಳಿಯಿತು.

ಎರಡನೆಯ ದಿನ, ಭಾನುವಾರ

ಸೋಲ್‌ನ ಕ್ವಾಂಗ್‌ಜಾಂಗ್ ಮಾರುಕಟ್ಟೆಗೆ ಹೋದೆವು. 1905ರಲ್ಲಿ ಶುರುವಾದ ಹಳೆಯ ಪೇಟೆ. ಬಟ್ಟೆ ಅಂಗಡಿಗಳು ಬಹಳಷ್ಟು ಮುಚ್ಚಿದ್ದವು. ತಿಂಡಿಯ ಸಾಲಿನಲ್ಲಿ ಮಾತ್ರ ಕಾಲಿಡಲು ಜಾಗ ಇರಲಿಲ್ಲ.

ಅಲ್ಲಿ ಒಂದು ಕಲ್ಲು ತಿರುಗುತ್ತಿತ್ತು. ಬೀಸುವ ಕಲ್ಲು! ಮೋಟಾರು ಕಟ್ಟಿದ್ದರು, ಆದರೆ ಕಲ್ಲು ಕಲ್ಲೇ. ನೆನೆಸಿದ ಹೆಸರುಬೇಳೆ ಮೇಲಿನಿಂದ ಬೀಳುತ್ತಿತ್ತು, ಪಕ್ಕದಿಂದ ಹಿಟ್ಟು ಇಳಿಯುತ್ತಿತ್ತು. ಅದಕ್ಕೆ ಮೊಳಕೆ ಕಾಳು ಸೇರಿಸಿ, ಎಣ್ಣೆ ತುಂಬಿದ ದೊಡ್ಡ ಹಂಚಿನಲ್ಲಿ ದಪ್ಪಗೆ ಹುಯ್ದು ಕರಿದಂತೆ ಬೇಯಿಸುತ್ತಾರೆ. ಬಿಂದೇತೊಕ್ ಅಂತ ಹೆಸರು. ಮಾಂಸ ಬೆರೆಸಿದ್ದೂ ಇರುತ್ತದೆ. ತಮ್ಮ ಎರಡು ಅಂಗಡಿಯಲ್ಲಿ ಕೇಳಿ, ಮೂರನೆಯದರಲ್ಲಿ ಕೂರಿಸಿದ. ಅಂಚು ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಸೋಯಾ ಸಾಸ್‌ನಲ್ಲಿ ನೆನೆಸಿದ ಉಳ್ಳಾಗಡ್ಡಿ. ಹೆಸರುಬೇಳೆ ದೋಸೆ ತಿಂದವರಿಗೆ ಪರಿಚಯ ಮಾಡಿಕೊಡಬೇಕಿಲ್ಲ.

ಇನ್ನೊಂದು ಮೂಲೆಯಲ್ಲಿ ಕಂಡದ್ದು ಸುಸು ಬುಕ್ಕುಮಿ. ಸುಸು ಅಂದರೆ ಜೋಳ! ಅಂಟು ಜೋಳದ ಹಿಟ್ಟನ್ನು ತಟ್ಟಿ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ ಇಟ್ಟು, ಅರ್ಧಕ್ಕೆ ಮಡಚಿ ಎಣ್ಣೆಯಲ್ಲಿ ಬೇಯಿಸಿದ್ದು. ಜೋಳದಲ್ಲಿ ರೊಟ್ಟಿ, ನುಚ್ಚು, ಸಂಗಟಿ ಎಲ್ಲ ಮಾಡುತ್ತೇವೆ. ಹೂರಣ ತುಂಬಿದ್ದನ್ನು ಮಾತ್ರ ನಾನು ನೋಡಿರಲಿಲ್ಲ. ನಿಂತಲ್ಲೇ ಎರಡು ತಿಂದೆ.

ಮೂರನೆಯ ದಿನ, ಸೋಮವಾರ

"ಇವತ್ತು ನಮ್ಮ ಇಮೊ ಕಡೆ ಹೋಗೂಣ" ಅಂದ ತಮ್ಮ. ಇಮೊ ಅಂದರೆ ಅವ್ವನ ಅಕ್ಕ-ತಂಗಿ. ನಮ್ಮಲ್ಲಿ ದೊಡ್ಡವ್ವ, ಚಿಗವ್ವ ಅನ್ನುತ್ತೇವಲ್ಲ, ಹಾಗೆ. ಅಲ್ಲಿ ಚಿಕ್ಕ ಹೋಟೆಲಿನಲ್ಲಿ ಬಡಿಸುವ ಹೆಂಗಸನ್ನು ಜನ ಹೀಗೇ ಕರೆಯುತ್ತಾರೆ. "ಇಮೊ, ಇಲ್ಲಿ ಸ್ವಲ್ಪ ಕಿಮ್ಚಿ!" ಕಿಮ್ಚಿ ಅಂದರೆ ಕೋಸು, ಮೂಲಂಗಿಗೆ ಉಪ್ಪು, ಖಾರ ಹಚ್ಚಿ ಹುದುಗಿಸಿದ ಅವರ ಉಪ್ಪಿನಕಾಯಿ. ನಮ್ಮ ಖಾನಾವಳಿಯಲ್ಲೂ ಅವ್ವನನ್ನು ಹೆಸರು ಹಿಡಿದು ಕರೆದವರು ಇರಲಿಲ್ಲ. ಕಾಲೇಜು ಹುಡುಗರಿಗೆ ಅವಳು ಅವ್ವ, ವಯಸ್ಸಾದವರಿಗೆ ಅಕ್ಕಾರು.

ಓಣಿಯ ತಿರುವಿನಲ್ಲಿ ಗಾಜಿನ ಜಾರುಬಾಗಿಲು. ಒಳಗೆ ಆರು ಟೇಬಲ್. ಗೋಡೆಯ ಮೇಲೆ ಕೈಬರಹದ ಬೆಲೆ ಪಟ್ಟಿ. ನೀರು ನಾವೇ ತಂದುಕೊಳ್ಳಬೇಕು. ಚಮಚ, ಕಡ್ಡಿಗಳು ಟೇಬಲ್‌ನ ಡ್ರಾವರಿನಲ್ಲೇ ಇರುತ್ತವೆ. ಇಮೊಗೆ ಅರವತ್ತೈದರ ಆಸುಪಾಸು. ಗುಂಗುರು ಕೂದಲು, ಹೂವಿನ ಏಪ್ರನ್. ತಮ್ಮನನ್ನು ಕಂಡ ಕೂಡಲೇ ಕೇಳಿದ್ದು "ಬಾಪ್ ಮೊಗೊಸ್ಸೊ?" ಅನ್ನ ಉಂಡ್ಯಾ ಅಂತ. ಉಣ್ಣಲಿಕ್ಕೇ ಬಂದವನಿಗೂ ಅದೇ ಪ್ರಶ್ನೆ. ಧಾರವಾಡದ ಓಣಿಯಲ್ಲಿ ಎದುರು ಸಿಕ್ಕವರು "ಊಟಾ ಆತೇನ್ರಿ?" ಅನ್ನುವುದಿಲ್ಲವೇ, ಥೇಟ್ ಹಾಗೇ.

ಮೆನುವಿನಲ್ಲಿ ಜಾಸ್ತಿ ಏನೂ ಇಲ್ಲ. ಮುಖ್ಯವಾದದ್ದು ಬೇಕ್‌ಬಾನ್. ಬಿಳಿ ಅನ್ನ ಅಂತ ಅರ್ಥ. ಒಂದು ಬಟ್ಟಲು ಅನ್ನ, ಒಂದು ಸಾರು, ಸುತ್ತ ಬಾನ್‌ಚಾನ್ ಅನ್ನುವ ಪಲ್ಯ, ಕೋಸಂಬರಿ, ಉಪ್ಪಿನಕಾಯಿಯಂಥ ಪದಾರ್ಥಗಳು. 9,000 ವೊನ್, ಸುಮಾರು ಐನೂರ ನಲವತ್ತು ರೂಪಾಯಿ. ಅವತ್ತು ಎಂಟು ತಟ್ಟೆ ಬಂದವು. ಸೋಯಾ ಮೊಳಕೆ, ಪಾಲಕ್, ಸೋಯಾ ಪನೀರಿನಂಥ ತೋಫು ಹುರಿದದ್ದು, ಮೂಲಂಗಿ, ಬದನೆಕಾಯಿ, ಕಡಲ ಪಾಚಿ, ಒಣ ಮೀನು, ಕಿಮ್ಚಿ. ಎಲ್ಲ ಅಂಗೈಯಗಲದ ತಟ್ಟೆಗಳು. ಖಾಲಿಯಾದರೆ ಮತ್ತೆ ತರುತ್ತಾರೆ. ಅದಕ್ಕೆ ದುಡ್ಡಿಲ್ಲ. ಅನ್ನ ಇನ್ನೊಂದು ಬಟ್ಟಲು ಬೇಕು ಅಂದರೆ ಮಾತ್ರ ಸಾವಿರ ವೊನ್.

ಅನ್ನ ಬರುವುದು ಮುಚ್ಚಳ ಇರುವ ಸ್ಟೀಲ್ ಬಟ್ಟಲಿನಲ್ಲಿ. ಯಾವ ಹೋಟೆಲಿಗೆ ಹೋದರೂ ಹೆಚ್ಚು ಕಡಿಮೆ ಅದೇ ಅಳತೆ. ಇದೂ ಆ ಅಕ್ಕಿ ಕೊರತೆಯ ಕಾಲದ ಗುರುತೇ. 1970ರ ದಶಕದಲ್ಲಿ ಹೋಟೆಲಿನ ಅನ್ನದ ಬಟ್ಟಲು ಇಷ್ಟೇ ಇರಬೇಕು ಅಂತ ಸರ್ಕಾರ ಗೊತ್ತು ಮಾಡಿತ್ತು. ಕೊರತೆ ಹೋಯಿತು, ಬಟ್ಟಲು ಉಳಿಯಿತು.

ಈಗ ತೊಡಕಿನ ವಿಷಯ. ದ್ವೆನ್‌ಜಾಂಗ್ ಚಿಗೆ ಅನ್ನುವ ಸಾರು ಬಂದಿತ್ತು. ಹುದುಗಿಸಿದ ಸೋಯಾ ಮುದ್ದೆಯ ಸಾರು. ನೋಡಲು ಪೂರ್ತಿ ಶಾಕಾಹಾರ. ತಮ್ಮ ಕೈ ಅಡ್ಡ ಹಿಡಿದ. "ಅಕ್ಕಾ, ತಡಿ. ಇದನ್ನ ಒಣ ಮೀನಿನ ನೀರಾಗ ಕುದಿಸಿರ್ತಾರ." ಕಿಮ್ಚಿಯಲ್ಲೂ ಉಪ್ಪು ಹಾಕಿ ಹುದುಗಿಸಿದ ಸೀಗಡಿ ಇರುತ್ತದೆ. ಕೊರಿಯಾಕ್ಕೆ ಹೋಗುವ ನಮ್ಮ ಸಸ್ಯಾಹಾರಿಗಳು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಮಾಂಸ ಬೇಡ ಅಂದರೆ ಮಾಂಸ ಮಾತ್ರ ಬಿಡುತ್ತಾರೆ. ಮೀನಿನ ನೀರು, ಸೀಗಡಿ ಉಪ್ಪು ಅವರ ಲೆಕ್ಕದಲ್ಲಿ ಮಾಂಸವೇ ಅಲ್ಲ. ಅದರಲ್ಲಿ ಮೋಸ ಏನಿಲ್ಲ, ನಮಗೆ ಒಗ್ಗರಣೆ ಹೇಗೋ ಅವರಿಗೆ ಅದು ಹಾಗೆ. ನಾವೇ ಒಂದೊಂದಾಗಿ ಹೆಸರು ಹಿಡಿದು ಕೇಳಬೇಕು.

ತಮ್ಮ ಹೋಗಿ ಇಮೊಗೆ ಹೇಳಿದ. ಅವಳು ಬಂದು ನನ್ನ ಪಕ್ಕ ನಿಂತಳು. ಒಂದೊಂದೇ ತಟ್ಟೆ ಮುಟ್ಟಿ, ಇದು ಆಗುತ್ತೆ, ಇದು ಆಗಲ್ಲ ಅಂತ ಕೈಯಲ್ಲೇ ತೋರಿಸಿದಳು. ಆಗದ ಮೂರನ್ನು ತಮ್ಮನ ಕಡೆ ಸರಿಸಿದಳು. ಒಳಗೆ ಹೋಗಿ ಇನ್ನೊಂದು ತಟ್ಟೆ ತುಂಬ ತೋಫು ತಂದಿಟ್ಟಳು. ಮುಖದಲ್ಲಿ ಬೇಸರ ಇಲ್ಲ, ಅತಿ ನಗುವೂ ಇಲ್ಲ. ಅನ್ನ ಬಡಿಸುವವರ ಮುಖ ಅದು, ನನಗೆ ಗೊತ್ತು.

ಬದನೆಕಾಯಿ ಬಾಯಿಗಿಟ್ಟಾಗ ಒಂದು ಕ್ಷಣ ನಿಂತೆ. ಹಬೆಯಲ್ಲಿ ಬೇಯಿಸಿ, ಉದ್ದಕ್ಕೆ ಸೀಳಿ, ಯಾವುದೋ ಕಾಳಿನ ಪುಡಿ ಹಚ್ಚಿದ್ದರು. ಗುರೆಳ್ಳು ಹಿಂಡಿಯ ಹತ್ತಿರದ ರುಚಿ. ಕೇಳಿದರೆ ಅದು ಗುರೆಳ್ಳಲ್ಲ, ದುಲ್ಕೆ ಅನ್ನುವ ಬೇರೆ ಎಣ್ಣೆಕಾಳು. ಅದರ ಎಲೆಯನ್ನೂ ಅವರು ತಿನ್ನುತ್ತಾರೆ. ಬದನೆಕಾಯಿಗೂ ಕಾಳಿನ ಪುಡಿಗೂ ಇರುವ ನಂಟು ಇಷ್ಟು ದೂರದವರಿಗೂ ಗೊತ್ತಾಗಿದೆಯಲ್ಲ ಅಂತ ಸಂತೋಷ ಆಯಿತು.

ಉಣ್ಣುತ್ತಲೇ ಲೆಕ್ಕ ಹಾಕಿದೆ. ಎಂಟು ಪದಾರ್ಥ. ದಿನವೂ ಮೂರೋ ನಾಲ್ಕೋ ಬದಲಾಗುತ್ತವಂತೆ. ಟೇಬಲ್‌ನಿಂದ ವಾಪಸ್ ಬಂದದ್ದನ್ನು ಇನ್ನೊಬ್ಬರಿಗೆ ಬಡಿಸುವಂತಿಲ್ಲ, ಕಾನೂನೇ ಇದೆ. ಹಾಗಾಗಿ ಎಷ್ಟು ಇಡಬೇಕು ಅನ್ನುವ ಅಂದಾಜು ಕೈಯಲ್ಲೇ ಇರಬೇಕು. ಕಡಿಮೆ ಇಟ್ಟರೆ ಮನಸ್ಸು ಸಣ್ಣದು ಅನ್ನುತ್ತಾರೆ, ಜಾಸ್ತಿ ಇಟ್ಟರೆ ಬುಟ್ಟಿಗೆ ಹೋಗುತ್ತದೆ. ಅಡುಗೆಮನೆಯಲ್ಲಿ ಇಮೊ ಒಬ್ಬಳೇ. ಮಧ್ಯಾಹ್ನಕ್ಕೆ ಮಾತ್ರ ಪಾತ್ರೆ ತೊಳೆಯಲು ಒಬ್ಬ ಹುಡುಗ. ನಮ್ಮ ಅವ್ವನಿಗೆ ರೊಟ್ಟಿಗೆ ಇಬ್ಬರು, ಮೇಲಿನ ಕೆಲಸಕ್ಕೆ ಒಬ್ಬಳು ಇದ್ದರು. ಆದರೂ ರಾತ್ರಿ ಹತ್ತಕ್ಕೆ ಕಾಲು ಬಿಸಿನೀರಿನಲ್ಲಿ ಇಟ್ಟು ಕೂರುತ್ತಿದ್ದಳು.

ನಾಲ್ಕನೆಯ ದಿನ, ಮಂಗಳವಾರ

ತಮ್ಮ ರಜೆ ಹಾಕಿದ್ದ. ಸುವೊನ್‌ನಿಂದ ಜೋಂಜು ಊರಿಗೆ ರೈಲು, ಮೂರು ತಾಸಿಗೆ ಸ್ವಲ್ಪ ಕಡಿಮೆ. ಬಿಬಿಮ್‌ಬಾಪ್‌ಗೆ, ಅಂದರೆ ಅನ್ನದ ಮೇಲೆ ಪಲ್ಯಗಳನ್ನಿಟ್ಟು ಕಲೆಸಿ ಉಣ್ಣುವ ಊಟಕ್ಕೆ ಹೆಸರಾದ ಊರು. 2012ರಲ್ಲಿ ಯುನೆಸ್ಕೋ ಇದನ್ನು ಆಹಾರದ ಊರು ಅಂತ ತನ್ನ ಪಟ್ಟಿಗೆ ಸೇರಿಸಿದೆ. ಹೆಂಚಿನ ಮನೆಗಳ ಹಳೆಯ ಬಡಾವಣೆ ಚಂದ ಇದೆ.

ಊಟದಲ್ಲಿ ಒಂದು ಎಡವಟ್ಟು ಆಯಿತು. ಹೆಸರು ಮಾಡಿದ ದೊಡ್ಡ ಹೋಟೆಲೊಂದರಲ್ಲಿ ಮಾಂಸ ಬೇಡ ಅಂತ ಎರಡು ಸಲ ಹೇಳಿದ್ದರೂ, ಬಂದ ಬಟ್ಟಲಿನ ನಡುವೆ ಹಸಿ ದನದ ಮಾಂಸ ಇತ್ತು. ಜನ ತುಂಬಿ ತುಳುಕುತ್ತಿದ್ದರು, ಹುಡುಗಿಗೆ ಕೇಳಿಸಿರಲಿಕ್ಕಿಲ್ಲ. ಬದಲಿಸಿ ಕೊಟ್ಟರು. ಆದರೆ ಮನಸ್ಸು ಮುದುಡಿತ್ತು. ಎರಡನೆಯ ಬಟ್ಟಲು ನೋಡಲು ಬಹಳ ಚಂದ ಇತ್ತು. ಕಂಚಿನ ಬಟ್ಟಲು, ಸುತ್ತ ಬಣ್ಣಬಣ್ಣದ ಪಲ್ಯಗಳು, ಮೇಲೆ ಹೆಸರುಕಾಳಿನ ಗಂಜಿಯಿಂದ ಮಾಡಿದ ಹಳದಿ ಜೆಲ್ಲಿ. ಕೊಚುಜಾಂಗ್ ಎಂಬ ಖಾರದ ಮುದ್ದೆ ಹಾಕಿ ಕಲೆಸಿ ಉಂಡೆ. ಚೆನ್ನಾಗಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ಆ ಊಟದಲ್ಲಿ ಯಾರ ಕೈಯೂ ನನಗೆ ಕಾಣಲಿಲ್ಲ.

ಐದನೆಯ ದಿನ, ಬುಧವಾರ

ಬೆಳಗ್ಗೆ ಕಿಟಕಿ ತೆಗೆದರೆ ಊರೇ ಬೆಳ್ಳಗೆ. ರಾತ್ರಿಯಿಂದ ಹಿಮ ಬೀಳುತ್ತಿತ್ತು. 1907ರಿಂದ ಲೆಕ್ಕ ಇಟ್ಟ ಮೇಲೆ ಸೋಲ್‌ನಲ್ಲಿ ನವೆಂಬರ್ ತಿಂಗಳಲ್ಲಿ ಇಷ್ಟು ಹಿಮ ಬಿದ್ದದ್ದೇ ಇಲ್ಲವಂತೆ. ಅರಮನೆ ನೋಡುವ ಯೋಜನೆ ಅಲ್ಲಿಗೇ ಬಿತ್ತು. ತಮ್ಮ ಆಫೀಸಿಗೆ ಹೋದ. ಹೋಗುವ ಮುಂಚೆ ಒಂದು ಚೀಟಿ ಬರೆದುಕೊಟ್ಟ. ಮಾಂಸ, ಮೊಟ್ಟೆ, ಮೀನು, ಮೀನಿನ ನೀರು, ಸೀಗಡಿ ಉಪ್ಪು, ಯಾವುದೂ ಬೇಡ ಅಂತ ಕೊರಿಯನ್ ಭಾಷೆಯಲ್ಲಿ.

ಮಧ್ಯಾಹ್ನ ಆ ಚೀಟಿ, ಅವ್ವ ಕಟ್ಟಿಕೊಟ್ಟ ಶೇಂಗಾ ಹಿಂಡಿಯ ಒಂದು ಪೊಟ್ಟಣ ಹಿಡಿದು ಒಬ್ಬಳೇ ಇಮೊ ಕಡೆ ನಡೆದೆ. ಚೀಟಿ ತೆಗೆಯಬೇಕಾಗಲೇ ಇಲ್ಲ. ಕೂತ ಐದು ನಿಮಿಷಕ್ಕೆ ಕುದಿಯುವ ಕರಿ ಮಣ್ಣಿನ ಪಾತ್ರೆ ಎದುರು ಬಂತು. ಅದೇ ದ್ವೆನ್‌ಜಾಂಗ್ ಸಾರು. ನಾನು ಅನುಮಾನದಿಂದ ನೋಡಿದೆ. ಇಮೊ ಒಳಗೆ ಹೋಗಿ ಒಂದು ಬೋಗುಣಿ ತಂದು ತೋರಿಸಿದಳು. ಬೆಳ್ಳಗೆ ಮಬ್ಬಾದ ನೀರು. ಅಕ್ಕಿ ತೊಳೆದ ನೀರು! ಇನ್ನೊಂದು ಕೈಯಲ್ಲಿ ದಪ್ಪನೆಯ ಒಣ ಕಡಲ ಸೊಪ್ಪಿನ ತುಂಡು, ಮೂಲಂಗಿ. ಇವುಗಳಲ್ಲೇ ಕುದಿಸಿದ್ದು ಅಂತ ಅರ್ಥ. ನಮ್ಮಲ್ಲಿ ಅಕ್ಕಚ್ಚು ದನಕ್ಕೆ ಹೋಗುತ್ತದೆ. ಅಲ್ಲಿ ಎರಡನೆಯ ಸಲ ತೊಳೆದ ನೀರನ್ನು ಸಾರಿಗೆ ಎತ್ತಿಡುತ್ತಾರೆ. ಸಾರು ಸ್ವಲ್ಪ ಗಟ್ಟಿಯಾಗುತ್ತದೆ, ಸೋಯಾ ಮುದ್ದೆಯ ಒಗರು ಕಡಿಮೆಯಾಗುತ್ತದೆ.

ಆ ಸಾರಿನ ರುಚಿ ಹೇಗೆ ಹೇಳಲಿ. ಮೊದಲ ಚಮಚಕ್ಕೆ ವಾಸನೆ ಮೂಗಿಗೆ ಬಡಿಯಿತು, ಹಳೆಯ ಮಜ್ಜಿಗೆ ಮೆಣಸಿನಕಾಯಿ ಡಬ್ಬಿ ತೆಗೆದ ಹಾಗೆ. ಎರಡನೆಯದಕ್ಕೆ ಉಪ್ಪು, ಕಾಳಿನ ಜಿಡ್ಡು. ಮೂರನೆಯದಕ್ಕೆ ಅನ್ನ ಬೇಕು ಅನ್ನಿಸಿತು. ತೋಫು, ಆಲೂಗಡ್ಡೆ, ಹಸಿಮೆಣಸಿನಕಾಯಿ. ಹೊರಗೆ ಹಿಮ. ಆ ಪಾತ್ರೆ ಕೊನೆಯವರೆಗೂ ಬಿಸಿ ಇತ್ತು.

ಹಿಂಡಿಯ ಪೊಟ್ಟಣ ಕೊಟ್ಟೆ. ಇಮೊ ಬಿಚ್ಚಿ ಮೂಸಿದಳು. "ತಂಗ್‌ಕೊಂಗ್!" ಅಂದಳು. ಶೇಂಗಾ ಅಂತ. ಚಿಟಿಕೆ ನಾಲಿಗೆಗೆ ಹಾಕಿ ಕಣ್ಣು ಮುಚ್ಚಿದಳು. ಬೆಳ್ಳುಳ್ಳಿ ಗುರುತಿಸಿದಳು, ಖಾರ ಗುರುತಿಸಿದಳು. ಜೀರಿಗೆಗೆ ಬಂದು ನಿಂತಳು. ಅದು ಅವಳಿಗೆ ಗೊತ್ತಾಗಲಿಲ್ಲ. ಫೋನಿನಲ್ಲಿ ಚಿತ್ರ ತೋರಿಸಿದೆ. ತಲೆ ಆಡಿಸಿ, ಮುಚ್ಚಳ ಇರುವ ಡಬ್ಬಿಗೆ ಸುರಿದು ಮೇಲಿನ ಹಲಗೆಯಲ್ಲಿಟ್ಟಳು.

ಆಗಲೇ ಹಿತ್ತಲ ಬಾಗಿಲ ಕಡೆ ಕಂಡದ್ದು. ಗೋಡೆಗೆ ಒರಗಿಸಿದ ಕೋಸಿನ ರಾಶಿ. ನಮ್ಮ ದುಂಡು ಕೋಸಲ್ಲ, ಉದ್ದನೆಯ ಬೇಚು. ಪಕ್ಕದಲ್ಲಿ ಕಲ್ಲುಪ್ಪಿನ ಚೀಲ, ದೊಡ್ಡ ಕೆಂಪು ರಬ್ಬರ್ ತೊಟ್ಟಿಗಳು. ಬಾಗಿಲಿಗೆ ಚೀಟಿ ಅಂಟಿಸಿದ್ದಳು. ಸಂಜೆ ತಮ್ಮ ಓದಿ ಹೇಳಿದ. "ಗುರುವಾರ ಕಿಮ್‌ಜಾಂಗ್, ಅಂಗಡಿ ರಜೆ."

ಆರನೆಯ ದಿನ, ಗುರುವಾರ

ಕಿಮ್‌ಜಾಂಗ್ ಅಂದರೆ ಚಳಿಗಾಲಕ್ಕೆ ಬೇಕಾದ ಕಿಮ್ಚಿಯನ್ನು ಒಟ್ಟಿಗೇ ಹಾಕುವುದು. ಬೇಸಿಗೆಯಲ್ಲಿ ನಮ್ಮ ಓಣಿಯವರೆಲ್ಲ ಸೇರಿ ಶಾವಿಗೆ, ಹಪ್ಪಳ ಮಾಡುತ್ತಿದ್ದರಲ್ಲ, ಅಂಥ ಕೆಲಸ. ಅಕ್ಕಪಕ್ಕದವರು, ನೆಂಟರು ಸೇರಿ ಮಾಡಿ ಹಂಚಿಕೊಳ್ಳುತ್ತಾರೆ. ಆ ಹಂಚಿಕೊಳ್ಳುವ ಪದ್ಧತಿಯನ್ನೇ ಯುನೆಸ್ಕೋ 2013ರಲ್ಲಿ ಪಟ್ಟಿಗೆ ಸೇರಿಸಿದ್ದು.

ಗುರುವಾರ ಬೆಳಗ್ಗೆ ಸುವೊನ್‌ನಲ್ಲಿ ಹಿಮ 40 ಸೆಂಟಿಮೀಟರ್ ದಾಟಿತ್ತು. ಕಾರುಗಳು ದಿಬ್ಬಗಳಂತೆ ಕಾಣುತ್ತಿದ್ದವು. ತಮ್ಮನಿಗೆ ಮನೆಯಿಂದಲೇ ಕೆಲಸ. ಒಂಬತ್ತಕ್ಕೆ ಅವನ ಫೋನು ಬಾರಿಸಿತು. ಇಮೊ. ಬೇರೆ ಊರಿನಿಂದ ಬರಬೇಕಾಗಿದ್ದ ನಾದಿನಿ, ತಂಗಿ ಇಬ್ಬರೂ ದಾರಿ ಬಂದ್ ಆಗಿ ಬರುತ್ತಿಲ್ಲ. ನಲವತ್ತು ಕೋಸು ರಾತ್ರಿಯಿಂದ ಉಪ್ಪಿನಲ್ಲಿವೆ. ಇನ್ನು ಅರ್ಧ ದಿನ ಬಿಟ್ಟರೆ ಉಪ್ಪು ಹೆಚ್ಚಾಗಿ ಎಲ್ಲ ಹಾಳು. "ಏನ್ ಮಾಡೂಣ ಅಕ್ಕಾ?" ಅಂದ. ನಾನು ಆಗಲೇ ಕಾಲುಚೀಲ ಹಾಕಿಕೊಳ್ಳುತ್ತಿದ್ದೆ.

ಮೊದಲ ಕೆಲಸ ತೊಳೆಯುವುದು. ಸೀಳಿದ ಎಂಬತ್ತು ಹೋಳು, ಮೂರು ನೀರು. ರಬ್ಬರ್ ಗವಸಿನ ಒಳಗೂ ಬೆರಳು ಜೋಮು ಹಿಡಿಯುವಷ್ಟು ತಣ್ಣೀರು. ಉಪ್ಪು ಸರಿಯಾಗಿ ಹಿಡಿದಿದೆಯೋ ಇಲ್ಲವೋ ನೋಡಲು ಇಮೊ ಒಂದು ಬಿಳಿ ದಂಟನ್ನು ಬಗ್ಗಿಸಿ ತೋರಿಸಿದಳು. ಮುರಿಯದೆ ಮಡಚಿಕೊಳ್ಳಬೇಕು. ಆಮೇಲೆ ಬೋರಲು ಹಾಕಿ ನೀರು ಬಸಿಯಲು ಬಿಟ್ಟೆವು.

ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಒಬ್ಬರು ಹಿಮದಲ್ಲಿ ಕೋಲೂರಿಕೊಂಡು ಬಂದರು. ತಮ್ಮ ಲ್ಯಾಪ್‌ಟಾಪನ್ನು ಮೂಲೆಯ ಟೇಬಲ್‌ನಲ್ಲಿಟ್ಟು ಮೂಲಂಗಿ ಹೆಚ್ಚಲು ಕೂತ. ನೋಡಿ ಇಮೊ ಅವನ ಕೈಯಿಂದ ಚಾಕು ತೆಗೆದು ನನಗೆ ಕೊಟ್ಟಳು. ಇಪ್ಪತ್ತೆರಡು ವರ್ಷ ಹೆಚ್ಚಿದ ಕೈ ನನ್ನದು. ಕಡ್ಡಿಯಷ್ಟು ಸಣ್ಣಗೆ, ಒಂದೇ ಸಮ. ಅಜ್ಜಿ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದು ನೋಡಿ ಇಮೊಗೆ ಏನೋ ಅಂದರು. ತಮ್ಮ ಅನುವಾದಿಸಿದ. "ಇಕಿ ಹೊಟೇಲಿನಾಕೀನs ಅಂತ."

ಮೂಲಂಗಿಗೆ ಮೊದಲು ಬರೀ ಮೆಣಸಿನಪುಡಿ ಹಾಕಿ ಬಣ್ಣ ಹಿಡಿಸುತ್ತಾರೆ. ಪುಡಿ ದಪ್ಪ ದಪ್ಪ, ಕಡು ಕೆಂಪು, ಆದರೆ ಉರಿ ಕಡಿಮೆ. ಆಮೇಲೆ ಅಂಟು ಅಕ್ಕಿಯ ಗಂಜಿ, ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ಸೊಪ್ಪು, ಸಾಸಿವೆ ಸೊಪ್ಪು. ಆಗ ಅವ್ವನಿಗೆ ವೀಡಿಯೊ ಕಾಲ್ ಮಾಡಿದೆ. ಧಾರವಾಡದಲ್ಲಿ ಬೆಳಗಿನ ಎಂಟೂವರೆ. ತೊಟ್ಟಿಯ ಕೆಂಪು ನೋಡಿದ್ದೇ ಅವ್ವ ಕೇಳಿದಳು. "ಬ್ಯಾಡಗಿ ಮೆಣಸಿನಕಾಯೇನ?"

"ಅಲ್ಲಬೇ, ಇಲ್ಲೀದು. ಆದ್ರ ಹಂಗs ಐತಿ. ಬಣ್ಣಾ ಜಾಸ್ತಿ, ಖಾರ ಕಡಿಮಿ."

"ಎಷ್ಟ್ ಮಂದಿಗೆ ಇದು?"

ತಮ್ಮ ಇಮೊಗೆ ಕೇಳಿದ. ಇಮೊ ಗವಸಿನ ಕೈಯನ್ನು ಫೋನಿನ ಮುಂದೆ ಬೀಸಿ ಏನೋ ಹೇಳಿದಳು. ದಿನಕ್ಕೆ ನಲವತ್ತು, ಐವತ್ತು ಊಟ. ಫೆಬ್ರುವರಿ ತನಕ ಬರಬೇಕು. ಅವ್ವ ಸುಮ್ನೆ ಲೆಕ್ಕ ಹಾಕಿದಳು. ತುಟಿ ಅಲುಗುವುದು ಕಾಣುತ್ತಿತ್ತು. "ಸಾಲೂದಿಲ್ಲ, ಇನ್ನೊಮ್ಮೆ ಹಾಕಬೇಕಾಗ್ತದ ನೋಡು" ಅಂದಳು. ಇಮೊಗೆ ಅದನ್ನು ಹೇಳಿದಾಗ ಅವಳು ಗಟ್ಟಿಯಾಗಿ ನಕ್ಕು ಎರಡು ಬೆರಳು ಎತ್ತಿದಳು. ಹೌದು, ಜನವರಿಯಲ್ಲಿ ಇನ್ನೊಂದು ಸಲ.

ಸೀಗಡಿಯ ಡಬ್ಬಿ ತೆಗೆಯುವ ಮೊದಲು ಇಮೊ ಒಂದು ಬೋಗುಣಿಯಷ್ಟು ಮಸಾಲೆ ಎತ್ತಿ ಬದಿಗಿಟ್ಟಳು. ಅದಕ್ಕೆ ಬರೀ ಉಪ್ಪು, ಸೋಯಾ ಸಾಸ್ ಕಲೆಸಿದಳು. ನನ್ನ ಕಡೆ ನೋಡಲಿಲ್ಲ, ಏನೂ ಹೇಳಲೂ ಇಲ್ಲ. ಉಳಿದದ್ದಕ್ಕೆ ಸೀಗಡಿ ಬಿತ್ತು.

ಇನ್ನು ಹಚ್ಚುವ ಕೆಲಸ. ನಾನು ಮುಟ್ಟಬೇಕೋ ಬೇಡವೋ ಅಂತ ಒಂದು ಗಳಿಗೆ ಯೋಚಿಸಿದೆ. ತಿನ್ನುವುದು ಬೇರೆ, ಮಾಡಿಕೊಡುವುದು ಬೇರೆ ಅನ್ನಿಸಿತು. ಗವಸು ಹಾಕಿಕೊಂಡು ಕೂತೆ. ಹೋಳನ್ನು ತೊಡೆಯ ಮೇಲಿನ ತಟ್ಟೆಯಲ್ಲಿಟ್ಟು, ಹೊರ ಎಲೆಯಿಂದ ಶುರು ಮಾಡಿ, ಪ್ರತಿ ಎಲೆ ಎತ್ತಿ ಹಚ್ಚಬೇಕು. ನಾನು ಎಲ್ಲ ಕಡೆ ಸಮನಾಗಿ ಹಚ್ಚುತ್ತಿದ್ದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ದಪ್ಪ ಬಿಳಿ ಬುಡಕ್ಕೆ ಒತ್ತಿ, ಹಸಿರು ತುದಿಗೆ ಸುಮ್ನೆ ಸವರಿದ ಹಾಗೆ. ತುದಿ ತೆಳು, ತಾನೇ ಹೀರಿಕೊಳ್ಳುತ್ತದೆ. ಕೊನೆಗೆ ಹೊರಗಿನ ದೊಡ್ಡ ಎಲೆಯನ್ನು ಸೀರೆ ಸೆರಗಿನ ಹಾಗೆ ಸುತ್ತ ಸುತ್ತಿ, ಗಾಳಿ ಇರದಂತೆ ಡಬ್ಬಿಯಲ್ಲಿ ಒತ್ತಿ ಇಡಬೇಕು. ಹತ್ತನೆಯ ಹೋಳಿಗೆ ಕೈ ಕೂತಿತು. ಮೂವತ್ತನೆಯದಕ್ಕೆ ಸೊಂಟ ಹಿಡಿಯಿತು. ನಾಲ್ಕಕ್ಕೆ ಮುಗಿಯಿತು.

ಇಮೊ ನೆಲ ತೊಳೆದು, ಬದಿಗಿಟ್ಟ ಬೋಗುಣಿ ತಂದಳು. ಕೋಸಿನ ನಡುವಿನ ಎಳೆ ಹಳದಿ ಎಲೆ ಒಂದನ್ನು ಕಿತ್ತು, ಮಸಾಲೆ ತುಂಬಿ, ಮಡಚಿ, ನೇರ ನನ್ನ ಬಾಯಿಗಿಟ್ಟಳು. ಊರಿನಲ್ಲಿ ಅವ್ವ ಎಣ್ಣೆಗಾಯಿ ಮಸಾಲೆ ರುಚಿ ನೋಡಲು ಹೀಗೇ ಬಾಯಿಗಿಡುತ್ತಿದ್ದಳು. ಕರಕರ ಎಲೆ, ಕೋಸಿನ ಸಿಹಿ, ಹಸಿ ಬೆಳ್ಳುಳ್ಳಿಯ ಚುರುಕು. ಕೊರಿಯಾಕ್ಕೆ ಬಂದು ಆರನೆಯ ದಿನ ನಾನು ಕಿಮ್ಚಿ ತಿಂದೆ. ಇಮೊ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಇನ್ನೊಂದು ಅಂತ ಬೆರಳು ತೋರಿಸಿದೆ.

ಏಳನೆಯ ದಿನ, ಶುಕ್ರವಾರ

ಮಧ್ಯಾಹ್ನದ ವಿಮಾನ. ಹಿಮದ ದಾರಿ, ಆರಕ್ಕೇ ಹೊರಟೆವು. ಓಣಿಯ ತಿರುವಿನಲ್ಲಿ ಗಾಜಿನ ಬಾಗಿಲ ಒಳಗೆ ಆಗಲೇ ದೀಪ ಇತ್ತು. ಅನ್ನದ ಹಬೆಗೆ ಗಾಜು ಮಬ್ಬಾಗಿತ್ತು. ಇಮೊ ಚಪ್ಪಲಿಯಲ್ಲೇ ಹೊರಗೆ ಬಂದು ಬೆಳ್ಳಿ ಹಾಳೆಯಲ್ಲಿ ಸುತ್ತಿದ ಒಂದು ಗಂಟು ನನ್ನ ಕೈಗಿಟ್ಟಳು. ಬಿಸಿ ಇತ್ತು. "ಅಕ್ಕಾ, ಹೊಟ್ಟಿ ತುಂಬ ತಿನ್ನು ಅನ್ನಾಕತ್ತಾಳ" ಅಂದ ತಮ್ಮ.

ವಿಮಾನ ನಿಲ್ದಾಣದಲ್ಲಿ ತಪಾಸಣೆ ಎಲ್ಲ ಮುಗಿದು ಕೂತ ಮೇಲೆ ಬಿಚ್ಚಿದೆ. ಅನ್ನದ ಆರು ಉಂಡೆ. ಮುಷ್ಟಿಯಲ್ಲಿ ಒತ್ತಿ ಮಾಡಿದ್ದು, ಕಡಲ ಪಾಚಿಯ ಪುಡಿಯಲ್ಲಿ ಹೊರಳಿಸಿದ್ದು. ಒಂದನ್ನು ಮುರಿದರೆ ಒಳಗೆ ಕಂದು ಕೆಂಪು. ಎಳ್ಳೆಣ್ಣೆಯ ವಾಸನೆ ಮೊದಲು ಬಂತು, ಅದರ ಹಿಂದೆಯೇ ಜೀರಿಗೆ. ಅವ್ವನ ಶೇಂಗಾ ಹಿಂಡಿ. ನಾಲ್ಕು ಅಲ್ಲೇ ತಿಂದೆ. ಎರಡನ್ನು ಹಾಗೇ ಸುತ್ತಿ ಅವ್ವನಿಗೆ ಅಂತ ಇಟ್ಟುಕೊಂಡೆ.